ಅಪ್ಪ ಬರೆಸಿದ ಉತ್ತರಗಳು

ನನ್ನ ಅಪ್ಪ ಹುಚ್ಚರಂಗಯ್ಯ ತೆಂಗಿನಕಾಯಿ ಸುಲಿಯುವವನು. ಈ ಮಾತನ್ನು ನಾನು ಹಿಂದೆ ಎಲ್ಲೂ ಬರೆದವನಲ್ಲ. ಹೈಸ್ಕೂಲಿನಿಂದ ಹಿಡಿದು ಎಂ.ಎಸ್.ಡಬ್ಲ್ಯೂ.ವರೆಗೆ ತುಂಬಿದ ಅರ್ಜಿಗಳಲ್ಲೆಲ್ಲ ತಂದೆಯ ಉದ್ಯೋಗ ಎಂದಿದ್ದ ಕಡೆ ‘ವ್ಯವಸಾಯ’ ಎಂದೇ ಬರೆದೆ. ಪೂರ್ತಿ ಸುಳ್ಳೇನಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮನೆಯ ಹಿಂದೆ ಹತ್ತು ಗುಂಟೆ ಜಾಗ, ಅದರಲ್ಲಿ ಒಂಬತ್ತು ತೆಂಗಿನ ಮರ, ಕೊಟ್ಟಿಗೆಯಲ್ಲಿ ಒಂದು ಹಸು ನಮಗೂ ಇದ್ದವು. ಆದರೆ ಅದನ್ನು ತೋಟ ಎಂದು ಊರಿನಲ್ಲಿ ಯಾರೂ ಕರೆಯುವುದಿಲ್ಲ.

ಶೆಟ್ಟಿಕೆರೆಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ನಮ್ಮೂರು. ಅಪ್ಪ ಹನ್ನೆರಡನೇ ವಯಸ್ಸಿಗೆ ಹಾರೆಯ ಮುಂದೆ ನಿಂತವನು. ನೆಲಕ್ಕೆ ನೆಟ್ಟ, ತುದಿ ಚೂಪಾದ ಕಬ್ಬಿಣದ ಹಾರೆ. ಕಾಯನ್ನು ಅದರ ಮೇಲೆ ಕುಟ್ಟಿ, ಪಕ್ಕಕ್ಕೆ ತಿರುವಿ, ಮೂರು ಸಲಕ್ಕೆ ಮೇಲಿನ ನಾರಿನ ಮಟ್ಟೆಯನ್ನೆಲ್ಲ ಬಿಡಿಸಬೇಕು. ನಮ್ಮ ಕಡೆ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಸುಲಿಯುವಾಗ ಹಾರೆ ಸ್ವಲ್ಪ ಆಳಕ್ಕೆ ಹೋದರೂ ಚಿಪ್ಪು ಒಡೆದು ಒಳಗಿನ ಕೊಬ್ಬರಿಗೆ ಪೆಟ್ಟಾಗುತ್ತದೆ. ಅದಕ್ಕೇ ತೋಟದವರು ಅಟ್ಟದ ಕಾಯಿ ಇಳಿಸುವಾಗ ಸಿಕ್ಕಸಿಕ್ಕವರನ್ನು ಕರೆಯುವುದಿಲ್ಲ. ಅಪ್ಪನಿಗೆ ಕಂದಿಕೆರೆಯಿಂದಲೂ ಹೇಳಿ ಕಳಿಸುತ್ತಿದ್ದರು. ಕೆಲಸ ಮಾಡುವಾಗ ಅವನು ಮಾತಾಡುವುದಿಲ್ಲ. ಯಾರಾದರೂ ಮಾತಾಡಿಸಿದರೆ ಕೈಯಲ್ಲಿರುವ ಕಾಯನ್ನು ಕೆಳಗಿಟ್ಟು, ಉತ್ತರ ಹೇಳಿ, ಮತ್ತೆ ಎತ್ತಿಕೊಳ್ಳುತ್ತಾನೆ.

ನಾನು ಓದುತ್ತಿದ್ದ ತಿಪಟೂರಿನ ಕಾಲೇಜಿಗೆ ಅವನು ಬಂದದ್ದು ಒಂದೇ ಸಲ, ನಾನು ಮರೆತು ಹೋಗಿದ್ದ ಪ್ರಮಾಣಪತ್ರ ಕೊಡುವುದಕ್ಕೆ. ಕೆಲಸದಿಂದ ನೇರವಾಗಿ ಬಂದಿದ್ದ. ತಲೆ, ಹುಬ್ಬು, ಅಂಗಿಯ ಮೇಲೆಲ್ಲ ಮಟ್ಟೆಯ ಪುಡಿ. ಗೇಟಿನ ಒಳಗೆ ಬರದೆ ರಸ್ತೆಯಾಚೆಯ ಹೊಂಗೆಮರದ ಕೆಳಗೆ ನಿಂತಿದ್ದ. ನಾನು ಹೋಗಿ ಕವರು ಇಸಿದುಕೊಂಡು ಬಂದೆ. ಜೊತೆಯವರು ಯಾರೆಂದು ಕೇಳಿದರು. “ನಮ್ಮೂರಿನೋರು,” ಎಂದೆ.

ನಾಲ್ಕು ವರ್ಷದ ಹಿಂದೆ ಅಪ್ಪನ ಕಣ್ಣು ಮಂಜಾಗತೊಡಗಿತು. “ಮಟ್ಟೆ ಧೂಳು ಕಣ್ಲಾ, ತೊಳ್ಕಂಡ್ರೆ ಹೋಯ್ತದೆ,” ಎನ್ನುತ್ತಿದ್ದ. ಕೈಗೆ ಅಭ್ಯಾಸವಿದ್ದದ್ದರಿಂದ ಕೆಲಸ ನಡೆಯುತ್ತಿತ್ತು. ಆದರೂ ಕಾಯನ್ನು ಮುಖದ ಹತ್ತಿರ ತಂದು ತಿರುಗಿಸಿ ನೋಡುವುದು ಹೆಚ್ಚಾಯಿತು. ಪಕ್ಕದ ತೋಟದ ಶಿವಣ್ಣ ಒಂದು ದಿನ, “ಏನ್ ರಂಗಯ್ಯ, ಕಾಯಿಗೆ ಮುತ್ತು ಕೊಡ್ತೀಯೋ, ಸುಲೀತೀಯೋ?” ಎಂದು ನಗೆಯಾಡಿದ. ಅಪ್ಪನೂ ನಕ್ಕ. ಅಂದಿನಿಂದ ಜನರ ಎದುರು ಕಾಯನ್ನು ಹತ್ತಿರ ಹಿಡಿಯುವುದನ್ನೇ ಬಿಟ್ಟ. ಆಸ್ಪತ್ರೆಗೆ ನಡಿ ಎಂದರೆ ಬರಲೊಲ್ಲ. ಒಬ್ಬನೇ ಹೋದರೆ ಯಾಕೆ ಹೋದ ಎಂದು ಊರು ಕೇಳುತ್ತದೆ, ಕಣ್ಣು ಹೋಯಿತಂತೆ ಎಂದು ಗೊತ್ತಾದರೆ ಯಾರು ಕೆಲಸಕ್ಕೆ ಕರೆಯುತ್ತಾರೆ ಎಂಬುದು ಅವನ ಭಯ. “ನಾಕು ಜನ ಹೋಗೋವಾಗ ಹೇಳು, ಅವ್ರ್ ಜೊತೆ ಬತ್ತೀನಿ,” ಎಂದಿದ್ದ.

ಓದು ಮುಗಿದ ಮೇಲೆ ನನಗೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಐವತ್ತೈದು ದಾಟಿದವರ ಆರೋಗ್ಯ ಮತ್ತು ಜೀವನದ ಸಮೀಕ್ಷೆ. ಇದರಲ್ಲಿ ಕಣ್ಣು ಕಾಣುವುದಿಲ್ಲ ಎಂದವರ ಹೆಸರು ಬೇರೆ ಪಟ್ಟಿಗೆ ಹೋಗುತ್ತಿತ್ತು. ಆ ಪಟ್ಟಿಯವರನ್ನು ಒಂದು ಟ್ರಸ್ಟು ಊರೂರಿಗೆ ವ್ಯಾನು ಕಳಿಸಿ, ತಿಪಟೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸುತ್ತಿತ್ತು. ಪ್ರಶ್ನಾವಳಿ ಓದಿದಾಗ ನನಗೆ ಮೊದಲು ನೆನಪಾದವನೇ ಅಪ್ಪ. ನಾಲ್ಕು ಜನರ ಜೊತೆ ಹೋಗುವ ದಾರಿ ತಾನಾಗಿ ಸಿಕ್ಕಿತ್ತು. ಅವನ ಹೆಸರು ಪಟ್ಟಿ ಸೇರಿದರೆ ಸಾಕಿತ್ತು.

ತರಬೇತಿಯಲ್ಲಿ ರವೀಂದ್ರ ಸರ್ ಎಂಬ ಹಿರಿಯರು ಪ್ರಶ್ನಾವಳಿಯಲ್ಲಿದ್ದ ಹದಿಮೂರು ಪ್ರಶ್ನೆಗಳನ್ನು ವಿವರಿಸಿದರು. ಯಾರ ಮೇಲಾದರೂ ಹೊಟ್ಟೆಕಿಚ್ಚು ಪಟ್ಟಿದ್ದೀರಾ, ನಿಮ್ಮ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕಿದ್ದೀರಾ, ಕೊಟ್ಟ ಮಾತು ತಪ್ಪಿದ್ದೀರಾ, ಹೀಗೆ. ಎಲ್ಲದಕ್ಕೂ ‘ಇಲ್ಲವೇ ಇಲ್ಲ’ ಎಂದವರು ಬೇರೆ ಪ್ರಶ್ನೆಗಳಿಗೂ ಒಳ್ಳೆಯದಾಗಿ ಕಾಣುವ ಉತ್ತರವನ್ನೇ ಕೊಟ್ಟಿರಬಹುದು ಎಂದರು. ಇದೇ ಪ್ರಶ್ನೆಗಳನ್ನು ಬೇರೆ ದೇಶಗಳಲ್ಲಿ ಕೇಳಿದಾಗ ಜನ ‘ಹೌದು, ಮಾಡಿದ್ದೇನೆ’ ಎಂದು ಸಲೀಸಾಗಿ ಹೇಳುತ್ತಾರಂತೆ. “ನಮ್ಮಲ್ಲಿ ಹಾಗೆ ಹೇಳೋದು ಕಮ್ಮಿ. ನಮ್ಮೋರು ಅವರಿಗಿಂತ ಸುಳ್ಳರು ಅಂತಲ್ಲ. ಕೇಳೋರ ಮುಂದೆ ಮನೆ ಮರ್ಯಾದೆ ಉಳಿಸಬೇಕು ಅಂತ ನೋಡ್ತಾರೆ. ಒಬ್ಬರ ಉತ್ತರದಲ್ಲಿ ಇಡೀ ಮನೆ ಇರುತ್ತೆ,” ಎಂದರು.

ನಾನು ಎದ್ದು ನಿಂತು, “ನಮ್ಮ ತೆಂಗಿನ ಸೀಮೆ ಜನ ಹಾಗಲ್ಲ ಸಾರ್. ಇದ್ದದ್ದು ಇದ್ದಂಗೆ ಹೇಳ್ತಾರೆ,” ಎಂದೆ. ಕೆಲವರು ಚಪ್ಪಾಳೆ ತಟ್ಟಿದರು. ರವೀಂದ್ರ ಸರ್ ಸುಮ್ಮನೆ ತಲೆಯಾಡಿಸಿದರು.

ಚಹಾದ ಹೊತ್ತಿಗೆ ಯೋಗಿತಾ ಮಾತಿಗೆ ಸಿಕ್ಕಳು. ತುರುವೇಕೆರೆಯವಳು, ನನ್ನ ಹಾಗೆಯೇ ಸಮೀಕ್ಷೆಗೆ ಸೇರಿದವಳು. ಅವಳ ತಂದೆ ಬಸ್ ಕಂಡಕ್ಟರ್. ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳಿದಳು. “ತೋಟ ಇದೆ. ನೋಡ್ಕೊಂಡಿದಾರೆ,” ಎಂದೆ. ಎಷ್ಟು ಎಂದು ಅವಳು ಕೇಳಿರಲಿಲ್ಲ. “ಒಂದೂವರೆ ಎಕರೆ,” ಎಂದು ನಾನೇ ಸೇರಿಸಿದೆ. ಶಿವಣ್ಣನ ತೋಟದ ಅಳತೆ ಅದು.

ಸ್ವಂತ ಊರಿನಲ್ಲಿ ಸಮೀಕ್ಷೆ ಮಾಡುವಂತಿಲ್ಲ ಎಂಬ ನಿಯಮವಿತ್ತು. ಎರಡು ತಿಂಗಳಾದ ಮೇಲೆ ನಮ್ಮೂರಿನ ಮನೆಗಳು ಯೋಗಿತಾಳ ಪಾಲಿಗೆ ಬಂದವು. ದಾರಿ ತೋರಿಸಲು ನಾನೂ ಜೊತೆಗೆ ಹೋಗಬೇಕಾಗಿತ್ತು. ಹಿಂದಿನ ದಿನ ಬೆಳಿಗ್ಗೆ ಅಪ್ಪ ಹಸುವಿನ ಮೈ ತೊಳೆಯುತ್ತಿದ್ದಾಗ ಹತ್ತಿರ ಹೋದೆ.

“ಅಪ್ಪ, ನಾಳೆ ನಮ್ ಆಫೀಸಿನ ಹುಡುಗಿ ಬತ್ತಾಳೆ. ಒಂದಷ್ಟು ಕೇಳ್ತಾಳೆ.”

“ಕೇಳ್ಲಿ ಬುಡು.”

“ಏನ್ ಕೆಲ್ಸ ಅಂದ್ರೆ... ತೋಟ ಐತೆ ಅನ್ನು.”

ಅಪ್ಪ ನೀರಿನ ಚೊಂಬನ್ನು ಕೆಳಗಿಟ್ಟ. “ಯಾರ್ ತೋಟ ಅನ್ಲಿ?”

“ನಮ್ದೇ ಅನ್ನು. ಒಂದೂವರೆ ಎಕರೆ.”

ಅವನು, “ಆಯ್ತು ಕಣ್ಲಾ,” ಎಂದು ಮತ್ತೆ ಚೊಂಬೆತ್ತಿಕೊಂಡ. ಕಣ್ಣಿನ ವಿಷಯ ಮಾತ್ರ ನಿಜ ಹೇಳು ಎಂದು ನಾನು ಹೇಳಬೇಕಿತ್ತು. ಅದನ್ನೇನೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡೆ. ಒಂದು ಸುಳ್ಳು ಹೇಳಿಸಲು ಹೋದವನಿಗೆ ಇನ್ನೊಂದು ನಿಜ ಹೇಳು ಎನ್ನಲು ಬಾಯಿಯೂ ಬರಲಿಲ್ಲ.

ಮರುದಿನ ನಾವು ಹೋದಾಗ ಅಂಗಳಕ್ಕೆ ಸಗಣಿ ಸಾರಿಸಿತ್ತು. ಅಪ್ಪ ಮದುವೆಗಳಿಗೆ ಉಡುವ ಬಿಳಿ ಪಂಚೆ ಉಟ್ಟು, ಶಿವಣ್ಣನ ಮನೆಯಿಂದ ತಂದ ಕುರ್ಚಿಯ ಮೇಲೆ ಕುಳಿತಿದ್ದ. ಅಮ್ಮ ಹೊಂಬಾಳಮ್ಮ ಹೊಸ ಸೀರೆಯಲ್ಲಿದ್ದಳು. ಹಾರೆ ಕಾಣಲಿಲ್ಲ. ಆಮೇಲೆ ನೋಡಿದರೆ ಕೊಟ್ಟಿಗೆಯ ಹಿಂದೆ ಗೋಣಿಚೀಲ ಹೊದೆಸಿ ಇಟ್ಟಿದ್ದರು.

ಯೋಗಿತಾ ಟ್ಯಾಬ್ ತೆಗೆದು ಶುರುಮಾಡಿದಳು. “ಯಜಮಾನ್ರೇ, ಜಮೀನು ಎಷ್ಟಿದೆ?”

“ತೋಟ ಒಂದೂವರೆ ಎಕರೆ ಕಣವ್ವ. ಬೋರು ಐತೆ. ನೀರಿಗೇನೂ ತಾಪತ್ರಯ ಇಲ್ಲ.”

ಬೋರಿನ ಮಾತು ನಾನು ಹೇಳಿಕೊಟ್ಟದ್ದಲ್ಲ.

“ಮನೇಲಿ ಯಾರಾದ್ರೂ ಕುಡಿಯೋದು, ಬೀಡಿ ಸೇದೋದು?”

“ನಮ್ ವಂಶದಾಗೇ ಇಲ್ಲ. ನನ್ ಮಗ ಟೀನೇ ದಿನಕ್ಕೊಂದು ಲೋಟ.”

“ಬಿ.ಪಿ., ಶುಗರ್ ಏನಾದ್ರೂ?”

“ನಮ್ಮಪ್ಪ ತೊಂಬತ್ತು ವರ್ಷ ಬದುಕಿದ್ರು. ಒಂದು ಗುಳಿಗೆ ನುಂಗಿದೋರಲ್ಲ.”

“ದೂರದಲ್ಲಿರೋರ ಮುಖ ಗುರುತು ಹಿಡಿಯೋಕೆ ಕಷ್ಟ ಆಗುತ್ತಾ?”

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅಪ್ಪ ಎದೆ ಸೆಟೆಸಿ ಕುಳಿತು, ಕೈಯನ್ನು ಹಿತ್ತಿಲ ಕಡೆ ಚಾಚಿದ. “ಅಗೋ, ಆ ಕೊನೇ ಮರ ಕಾಣ್ತದಲ್ಲ, ಅದ್ರಾಗೆ ಏಳು ಗೊನೆ ಅವೆ. ಎಣಿಸ್ಕೋ ಬೇಕಾದ್ರೆ. ಕಣ್ಣಿನ ದೋಷ ನಮ್ ಮನೇಲಿ ಯಾರ್ಗೂ ಇಲ್ಲ ಕಣವ್ವ. ಮುಂದ್ಲೋರ್ಗೂ ಬರಾಕಿಲ್ಲ.”

ಗೊನೆ ಏಳೇ ಇದ್ದವು. ಹಿಂದಿನ ವಾರ ನಾನೇ ಅವನಿಗೆ ಎಣಿಸಿ ಹೇಳಿದ್ದೆ.

ಅಷ್ಟರಲ್ಲಿ ಅಮ್ಮ ಕಾಫಿ ತಂದಳು. ಅಪ್ಪ ಕೈ ಚಾಚಿದಾಗ ಬೆರಳುಗಳು ಲೋಟದಿಂದ ಒಂದು ಗೇಣು ಈಚೆಗೇ ಮುಚ್ಚಿಕೊಂಡವು. ಅಮ್ಮ ಲೋಟವನ್ನು ತಾನೇ ಅವನ ಕೈಗೆ ಸೇರಿಸಿದಳು. ಯೋಗಿತಾ ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಹಸುವಿಗೆ ಹುಲ್ಲು ಹಾಕುವವನ ಹಾಗೆ ಕೊಟ್ಟಿಗೆಗೆ ನಡೆದುಬಿಟ್ಟೆ. ಉಳಿದ ಪ್ರಶ್ನೆಗಳಿಗೆ ಅಪ್ಪ ಏನು ಹೇಳಿದನೋ ನನಗೆ ಕೇಳಿಸಲಿಲ್ಲ.

ಅವಳನ್ನು ಬಸ್ಸು ಹತ್ತಿಸಿ ಬಂದಾಗ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. “ಹುಡುಗಿ ಲಕ್ಷಣವಾಗವಳೆ ಕಣಪ್ಪ. ಅವ್ರ ಮನೇಲಿ ಎಷ್ಟ್ ಜನ ಮಕ್ಳು?”

ನನಗೆ ಆಗ ಅರ್ಥವಾಯಿತು. ನಮ್ಮ ಕಡೆ ಅಪರಿಚಿತರು ಮನೆಗೆ ಬಂದು ಜಮೀನೆಷ್ಟು, ದನವೆಷ್ಟು, ಕುಡಿತವಿದೆಯೇ, ಕಾಯಿಲೆಯಿದೆಯೇ ಎಂದು ಕೇಳುವುದು ಹೆಣ್ಣು ಕೊಡುವ ಮುಂಚೆ. ಆಗ ಯಾವ ಮನೆಯವರೂ ಇರುವ ಕಾಯಿಲೆಯನ್ನು ಹೇಳಿಕೊಳ್ಳುವುದಿಲ್ಲ. ಅದರಲ್ಲೂ ಕಣ್ಣಿನದು.

“ಅವ್ಳು ಸರ್ವೆಗೆ ಬಂದೋಳು ಕಣಮ್ಮ. ಎಲ್ಲಾರ್ ಮನೇಲೂ ಕೇಳ್ತಾಳೆ.”

ಅಪ್ಪ ಒಳಗಿನಿಂದ ನಕ್ಕ. “ಲೇ ಗಂಗ, ಸುಮ್‍ಸುಮ್ನೆ ಯಾರಾದ್ರೂ ಬಂದು ವಂಶ ವಿಚಾರಿಸ್ತಾರೇನ್ಲಾ? ಅಲ್ದೆ ನೀನ್ಯಾಕೆ ತೋಟ ಐತೆ ಅನ್ನು ಅಂದೆ?”

ಅವನು ಅಂದುಕೊಂಡದ್ದೇ ನನಗೂ ಅನುಕೂಲವಾಗಿತ್ತು. ಅಪ್ಪನ ಕೆಲಸ ಹೇಳಲು ನಾಚಿಕೆಯಾಯಿತು ಎನ್ನುವುದಕ್ಕಿಂತ, ಹುಡುಗಿಯ ಮೇಲೆ ಮನಸ್ಸಿದೆ ಎಂದು ಅವನು ತಿಳಿಯುವುದೇ ವಾಸಿ ಎನಿಸಿತು. ಶಿವಣ್ಣನ ಕುರ್ಚಿಯನ್ನು ವಾಪಸು ಕೊಟ್ಟುಬರಲು ಹೊರಟೆ.

ಎಂಟು ದಿನದ ಮೇಲೆ ಸದಾಶಿವಯ್ಯನವರು ಫೋನ್ ಮಾಡಿದರು. ಬಂದ ಉತ್ತರಗಳನ್ನು ಮರುಪರಿಶೀಲನೆ ಮಾಡುವ ಮೇಲ್ವಿಚಾರಕರು ಅವರು. “ಗಂಗರಾಜು, ನಿಮ್ಮೂರಿಂದು ಒಂದು ಶೀಟು ಸಿಸ್ಟಮ್ಮು ಕೆಂಪು ತೋರಿಸ್ತಿದೆ. ಹುಚ್ಚರಂಗಯ್ಯ ಅಂತ. ಹದಿಮೂರಕ್ಕೆ ಹದಿಮೂರೂ ಇಲ್ಲವೇ ಇಲ್ಲ ಅಂದವ್ರೆ. ಒಂದು ಸಲಾನೂ ಸಿಟ್ಟೇ ಬಂದಿಲ್ವಂತೆ ಮಾರಾಯಾ. ನಿಮ್ ತಂದೆಯವರೇ ಅಲ್ವಾ?”

“ಹೌದು ಸಾರ್.”

“ಉಳಿದಿದ್ದು ಸರಿಯಾಗಿದ್ಯಾ? ಆರೋಗ್ಯದ್ದು, ಜಮೀನಿಂದು? ಅನುಮಾನ ಇದ್ರೆ ಹೇಳಿ, ಇನ್ನೊಂದ್ಸಲ ಕೇಳಿಸೋಣ.”

ಆಗ ನಾನು ತುರುವೇಕೆರೆಯ ಬಸ್‍ಸ್ಟ್ಯಾಂಡಿನಲ್ಲಿದ್ದೆ. ಪಕ್ಕದ ಬೆಂಚಿನಲ್ಲಿ ಯೋಗಿತಾ ನಮ್ಮಿಬ್ಬರ ಊಟದ ಡಬ್ಬಿ ಬಿಚ್ಚುತ್ತಿದ್ದಳು.

“ಸರಿ ಇದೆ ಸಾರ್,” ಎಂದೆ.

ಮುಂದಿನ ತಿಂಗಳು ಪಂಚಾಯಿತಿಯ ಗೋಡೆಗೆ ಪಟ್ಟಿ ಅಂಟಿಸಿದರು. ನಮ್ಮೂರಿನ ಹನ್ನೊಂದು ಜನರ ಹೆಸರಿತ್ತು. ವ್ಯಾನು ಬಂದ ಬೆಳಿಗ್ಗೆ ಅಪ್ಪ ಜಗುಲಿಯ ಮೇಲೆ ಕುಳಿತು, ಯಾರ್ಯಾರು ಹತ್ತಿದರು ಎಂದು ಅಮ್ಮನಿಂದ ಕೇಳಿ ತಿಳಿದುಕೊಂಡ. ತನ್ನ ಹೆಸರು ಯಾಕಿಲ್ಲ ಎಂದು ನನ್ನನ್ನು ಕೇಳಲಿಲ್ಲ. ಆಮೇಲೆ ಶಿವಣ್ಣನ ಅಟ್ಟದ ಕಾಯಿ ಸುಲಿಯಲು ಹೋದ.

ಹಾರೆ ಅವನ ಎಡ ಅಂಗೈಗೆ ನುಗ್ಗಿದ್ದು ಅದಾಗಿ ಮೂರು ವಾರಕ್ಕೆ. ಕಾಯಿ ಎಂದುಕೊಂಡು ಕುಟ್ಟಿದ್ದು ಕೈಯನ್ನೇ. ಶಿವಣ್ಣ ಬೈಕಿನಲ್ಲಿ ಚಿಕ್ಕನಾಯಕನಹಳ್ಳಿಗೆ ಕರೆದುಕೊಂಡು ಹೋಗಿದ್ದ. ನಾನು ತಲುಪುವ ಹೊತ್ತಿಗೆ ಹೊಲಿಗೆ ಹಾಕಿ ಮುಗಿದಿತ್ತು. ಹೇಗಾಯಿತು ಎಂದು ನರ್ಸ್ ಕೇಳಿದಾಗ ಅಪ್ಪ, “ಕಾಲು ಜಾರ್ತು,” ಎಂದ.

ಡಾಕ್ಟರ್ ವಯಸ್ಸಾದ ಹೆಂಗಸು. ಅವರು ಅಪ್ಪನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಎರಡರಲ್ಲೂ ಪೊರೆ ಬಲಿತಿದೆ, ಎಡಗಣ್ಣಿನ ಒಳಗೆ ಒತ್ತಡವೂ ಏರಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀವು ಓದಿದೋರ ಹಾಗೆ ಕಾಣ್ತೀರಿ. ಏನ್ ಕೆಲ್ಸ?”

“ಆರೋಗ್ಯ ಸಮೀಕ್ಷೆ ಮೇಡಂ,” ಎಂದೆ. ಅವರು ಚೀಟಿ ಬರೆದು ಕೊಟ್ಟರು.

ಅಂದು ಸಂಜೆಯೇ ಸದಾಶಿವಯ್ಯನವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ತೋಟವಿಲ್ಲ, ಅಪ್ಪ ಕೂಲಿಗೆ ಕಾಯಿ ಸುಲಿಯುತ್ತಾನೆ, ಕಣ್ಣು ಕಾಣುವುದಿಲ್ಲ, ಮೊದಲ ಸುಳ್ಳು ಹೇಳಿಕೊಟ್ಟವನು ನಾನು, ನೀವು ಕೇಳಿದಾಗಲೂ ಮುಚ್ಚಿಟ್ಟೆ ಎಂದೆ. ಅವರು ಬೈಯಲಿಲ್ಲ. “ಎರಡನೇ ಪಟ್ಟಿಗೆ ಇನ್ನೂ ಹತ್ತು ದಿನ ಇದೆ. ಶೀಟು ರದ್ದು ಮಾಡ್ತೀನಿ. ಆದ್ರೆ ಮೊದಲು ಕೇಳಿದ ಹುಡುಗೀನೇ ಹೋಗಿ ಕೇಳ್ಬೇಕು. ಅವಳಿಗೆ ನೀವೇ ಹೇಳಿ,” ಎಂದರು.

ಯೋಗಿತಾಳಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಕೇಳಿಸಿಕೊಂಡು ಅವಳು, “ಲೋಟ ಹಿಡಿಯೋವಾಗಲೇ ನಂಗೆ ಗೊತ್ತಾಯ್ತು,” ಎಂದಳು. “ದಾರಿ ಉದ್ದಕ್ಕೂ ನೀವು ಹೇಳ್ತೀರೇನೋ ಅಂತ ಕಾದೆ. ಬಸ್ಸು ಬರೋವರೆಗೂ ನೀವು ಕೊಬ್ಬರಿ ರೇಟಿನ ಮಾತೇ ಆಡಿದ್ರಿ.”

“ನೀವಾದ್ರೂ ಬರೀಬಹುದಿತ್ತಲ್ಲ, ಕಾಣಲ್ಲ ಅಂತ.”

“ಹೇಳಿದ್ದನ್ನ ಬರೀಬೇಕು ಅಂತ ಅಲ್ವಾ ನಮಗೆ ಹೇಳಿಕೊಟ್ಟಿದ್ದು? ಅಲ್ದೆ ಸ್ವಂತ ಮಗ ಪಕ್ಕದಲ್ಲೇ ನಿಂತಿದ್ರು.” ಆಮೇಲೆ ಹೇಳಿದಳು, “ನಮ್ಮಪ್ಪ ಕಂಡಕ್ಟರು ಅಂತ ನಾನು ಹೇಳಿದ್ದೆ ಗಂಗರಾಜು. ನೀವು ನನ್ನನ್ನ ಏನಂದ್ಕೊಂಡಿದ್ರಿ?”

ಎರಡನೇ ಸಲ ಅವಳು ಬಂದಾಗ ಕುರ್ಚಿ ಇರಲಿಲ್ಲ, ಬಿಳಿ ಪಂಚೆ ಇರಲಿಲ್ಲ. ಅಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು ಜಗುಲಿಯ ಮೇಲೆ ಕುಳಿತಿದ್ದ. ನಾನು ಅವನ ಪಕ್ಕದಲ್ಲಿ ಕುಳಿತು, “ಅಪ್ಪ, ಇವ್ರಿಗೆ ನಾನೆಲ್ಲಾ ಹೇಳಿದೀನಿ. ಇದ್ದದ್ದು ಇದ್ದಂಗೆ ಹೇಳು,” ಎಂದೆ.

ಅವನು ನನ್ನ ದನಿ ಬಂದ ಕಡೆ ಮುಖ ತಿರುಗಿಸಿ ಮೆಲ್ಲಗೆ ಕೇಳಿದ, “ಹಂಗಾರೆ ಈ ಸಂಬಂಧ ಬ್ಯಾಡ್ವೇನ್ಲಾ?”

ಯೋಗಿತಾ ಟ್ಯಾಬಿನ ಮೇಲೆ ಬಗ್ಗಿದಳು. ನಗು ತಡೆಯುತ್ತಿದ್ದಳೋ ಬೇರೇನೋ, ನನಗೆ ನೋಡುವ ಧೈರ್ಯವಾಗಲಿಲ್ಲ. “ಯಜಮಾನ್ರೇ, ಕೆಲಸ ಏನು ನಿಮ್ದು?” ಎಂದಳು.

“ಕಾಯಿ ಸುಲಿತೀನಿ ಕಣವ್ವ. ಐವತ್ತು ವರ್ಸ ಆಗ್ತಾ ಬಂತು.”

“ಜಮೀನು?”

“ಹತ್ತು ಗುಂಟೆ. ಬೋರು ಇಲ್ಲ.” ಬೋರಿಲ್ಲ ಎನ್ನುವಾಗ ಅವನಿಗೇ ನಗು ಬಂತು.

ಕಣ್ಣಿನ ಪ್ರಶ್ನೆಗಳಿಗೂ ಒಂದೊಂದಾಗಿ ಉತ್ತರ ಕೊಟ್ಟ. ಮುಖ ಕಾಣುವುದಿಲ್ಲ, ದನಿಯಿಂದ ಗುರುತು ಹಿಡಿಯುತ್ತೇನೆ. ಕಾಯಿಯ ತೊಟ್ಟು ಯಾವ ಕಡೆ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತೇನೆ. ಎರಡು ವರ್ಷದಿಂದ ಮಗನ ಮುಖ ಸರಿಯಾಗಿ ನೋಡಿಲ್ಲ. ಇದನ್ನು ಅವನು ನನಗೆ ಯಾವತ್ತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹದಿಮೂರು ಪ್ರಶ್ನೆಗಳಲ್ಲಿ ಈ ಸಲ ನಾಲ್ಕಕ್ಕೆ ಹೌದು ಎಂದ. ಸಿಟ್ಟು ಬರುತ್ತದೆಯಂತೆ. ಶಿವಣ್ಣನ ಹೊಸ ಮನೆ ನೋಡಿ ಹೊಟ್ಟೆ ಉರಿದದ್ದೂ ಉಂಟಂತೆ.

ಯೋಗಿತಾ ಇನ್ನೊಂದು ಪುಟಕ್ಕೆ ಹೋದಳು. “ಮನೆಯೋರು ನಿಮ್ಮನ್ನ ಹೇಗೆ ನೋಡ್ಕೋತಾರೆ? ಮಕ್ಕಳು ಗೌರವ ಕೊಡ್ತಾರಾ? ತುಂಬಾ, ಸ್ವಲ್ಪ, ಇಲ್ಲ. ಮೂರರಲ್ಲಿ ಒಂದು ಹೇಳಿ.”

ನಾನು ಎದ್ದು ಹೋಗಬೇಕಿತ್ತು. ಇಂಥ ಪ್ರಶ್ನೆ ಕೇಳುವಾಗ ಮನೆಯವರು ಹತ್ತಿರವಿರಬಾರದು ಎಂದು ನಮಗೆ ಹೇಳಿಕೊಟ್ಟಿದ್ದರು. ಆದರೂ ಕುಳಿತೇ ಇದ್ದೆ. ಎದ್ದರೆ ಅಪ್ಪ ಏನು ಹೇಳಬಹುದು ಎಂಬುದು ನನಗೆ ಗೊತ್ತಿತ್ತು ಎಂದು ಈಗ ಅನಿಸುತ್ತದೆ.

ಅಪ್ಪ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಸರಿಪಡಿಸಿಕೊಂಡ. ಕೆಲಸದ ಮಧ್ಯೆ ಮಾತಾಡಿಸಿದಾಗ ತಡೆಯುವಷ್ಟೇ ಹೊತ್ತು ತಡೆದ.

“ತುಂಬಾ ಅಂತ ಬರ್ಕೋ ಕಣವ್ವ. ನನ್ ಮಗ ನನ್ನ ದೇವ್ರಂಗೆ ನೋಡ್ಕತಾನೆ.”

ಯೋಗಿತಾ ತಲೆ ಎತ್ತಲಿಲ್ಲ. ಅವನು ಹೇಳಿದ್ದನ್ನು ಒತ್ತಿ, ಮುಂದಿನ ಪುಟಕ್ಕೆ ಹೋದಳು.

ಅಪ್ಪನ ಬಲಗಣ್ಣಿಗೆ ಎರಡನೇ ವ್ಯಾನಿನಲ್ಲಿ ಹೋಗಿ ಆಪರೇಷನ್ ಆಯಿತು. ಈಗ ಕಾಣುತ್ತದೆ. ಎಡಗಣ್ಣಿಗೂ ಮಾಡಿದರು. ಅದಕ್ಕೆ ಬೆಳಕು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಮೊದಲ ವ್ಯಾನಿನಲ್ಲೇ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಅಲ್ಲಿನ ಡಾಕ್ಟರನ್ನು ಕೇಳಿದೆ. ಉಳಿಯುವ ಸಾಧ್ಯತೆ ಇತ್ತು ಎಂದರು.

ಸಮೀಕ್ಷೆಯ ವರದಿ ಈ ವರ್ಷ ಬಂದಿದೆ. ನಮ್ಮ ಮೂರು ತಾಲ್ಲೂಕಿನ ಹಿರಿಯರಲ್ಲಿ ನೂರಕ್ಕೆ ತೊಂಬತ್ತೊಂದು ಜನ ಮಕ್ಕಳು ತಮಗೆ ತುಂಬಾ ಗೌರವ ಕೊಡುತ್ತಾರೆ ಎಂದಿದ್ದಾರೆ. ಈ ಅಂಕಿಯನ್ನು ಎಚ್ಚರಿಕೆಯಿಂದ ಓದಬೇಕು ಎಂದು ಅದರ ಕೆಳಗೆ ರವೀಂದ್ರ ಸರ್ ಸಣ್ಣ ಅಕ್ಷರದಲ್ಲಿ ಟಿಪ್ಪಣಿ ಹಾಕಿದ್ದಾರೆ. ಅದನ್ನು ನಾನು ಮನೆಯ ಜಗುಲಿಯ ಮೇಲೆ ಕುಳಿತು ಓದುತ್ತಿದ್ದಾಗ ಅಪ್ಪ, ಏನ್ಲಾ ಅದು ಎಂದು ಕೇಳಿದ. ನೀವೆಲ್ಲ ಬರೆಸಿದ್ದು ಪುಸ್ತಕವಾಗಿ ಬಂದಿದೆ ಎಂದೆ. ಅದರಲ್ಲಿ ತಾನು ಹೇಳಿದ್ದೂ ಇದೆಯೇ ಎಂದ. ಇದೆ ಎಂದೆ. ಅವನು ಪುಟವನ್ನು ಬಲಗಣ್ಣಿನ ಹತ್ತಿರ ಹಿಡಿದು, ಓದಲು ಬಾರದಿದ್ದರೂ, ಬಹಳ ಹೊತ್ತು ನೋಡಿದ.